ಕಾಫಿ ಕಣದಲ್ಲಿ ಕುಂಟೆಬಿಲ್ಲೆ

ಕಾಫಿ ಬೆಳೆಗಾರರ ಕಣ್ಣನ್ನು ನಂಬಬಾರದು. ನನ್ನದನ್ನಂತೂ ನಂಬಲೇಬಾರದು. ಮೊನ್ನೆ ನನ್ನ ಫೋನಿಗೆ ಒಂದು ಹಳೆಯ ಮೂಕಿ ಚಿತ್ರ ಬಂತು. ಮೂಡಿಗೆರೆ ಕಡೆಯ ನಮ್ಮ ಪಕ್ಕದ ಎಸ್ಟೇಟಿನಲ್ಲಿ ಹಿಂದೆ ಇದ್ದ ಬಿಳಿ ದೊರೆಯೊಬ್ಬ ತೆಗೆದದ್ದಂತೆ. ಕಣದ ತುಂಬ ಒಣಹಾಕಿದ ಕಾಫಿ, ಅದರ ಮೇಲೆ ಮಕ್ಕಳ ಕುಂಟೆಬಿಲ್ಲೆ. ನಾನು ನೋಡಿದ್ದು ಕಾಫಿಯನ್ನು! ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟೋ, ಹಣ್ಣನ್ನು ಹಾಗೆಯೇ ಒಣಗಿಸಿದ ಚೆರ್ರಿಯೋ, ಸರಿಯಾಗಿ ಒಣಗಿದೆಯೋ ಇಲ್ಲವೋ, ಈ ಮಕ್ಕಳನ್ನು ಓಡಿಸುವವರು ಯಾರೂ ಇಲ್ಲವೇ ಎಂದು. ಆ ಕಾಫಿಯನ್ನು ಯಾರೋ ಕುಡಿದು ಲೋಟ ತೊಳೆದಿಟ್ಟು ಎಷ್ಟು ಕಾಲವಾಯಿತೋ!

ಮಕ್ಕಳ ಆಟ ಕಣ್ಣಿಗೆ ಬಿದ್ದದ್ದು ಆಮೇಲೆ. ಕಾಲಿನಲ್ಲೇ ಕಾಫಿ ಸರಿಸಿ ಆಟದ ಮನೆಗಳನ್ನು ಬರೆದಿದ್ದರು. ಆ ಕಾಲದ ಕ್ಯಾಮೆರಾದ ವೇಗಕ್ಕೂ ಈಗಿನದಕ್ಕೂ ತಾಳೆಯಾಗುವುದಿಲ್ಲವಂತೆ. ಹಾಗಾಗಿ ಎಲ್ಲರೂ ಬಸ್ಸು ತಪ್ಪಿಹೋಗುತ್ತದೆ ಎನ್ನುವವರ ಹಾಗೆ ಕುಂಟುತ್ತಿದ್ದರು. ಬಾಯಿ ತೆರೆದು ಜಗಳವಾಡುತ್ತಿದ್ದರು. ಒಂದು ಶಬ್ದವೂ ಇಲ್ಲ. ಆದರೂ ವ್ಯಾಜ್ಯ ನನಗೆ ಪೂರ್ತಿ ಅರ್ಥವಾಯಿತು: ಗೆರೆ ತುಳಿದಳೋ, ಇಲ್ಲವೋ? ನನ್ನ ಬಾಲ್ಯದಲ್ಲೂ ಅದು ಇತ್ಯರ್ಥವಾಗಿರಲಿಲ್ಲ. ಮೈ ಜುಮ್ಮೆಂದಿತು. ದೊರೆ ಬೇಕಿದ್ದರೆ ಆನೆ, ಹುಲಿ ಹುಡುಕಿಕೊಂಡು ಹೋಗಬಹುದಿತ್ತು. ಮಕ್ಕಳ ಮುಂದೆ ನಿಂತನಲ್ಲ, ಪುಣ್ಯಾತ್ಮ.

ಆಗ ನೆನಪಾದವರು ಪಕ್ಕದ ಮನೆಯ ಜುಲೇಖಮ್ಮ. ಅವರ ತಾಯಿ ಬೆಳೆದದ್ದು ಅದೇ ಎಸ್ಟೇಟಿನಲ್ಲಿ, ಅದೇ ದೊರೆಯ ಕಾಲದಲ್ಲಿ. ಆ ತಾಯಿಯ ಅಪ್ಪ ಅಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದರು. ಜುಲೇಖಮ್ಮನನ್ನು ಹೆತ್ತ ಕೂಡಲೇ ಆ ತಾಯಿ ತೀರಿಕೊಂಡಳು. ಒಂದು ಫೋಟೋ ಕೂಡ ಇಲ್ಲ. ಎಂಬತ್ತು ದಾಟಿದ ಜುಲೇಖಮ್ಮನಿಗೆ ತಾಯಿ ಎಂದರೆ ಅಜ್ಜಿ ಹೇಳಿದ ಮಾತುಗಳಷ್ಟೇ: "ನಿನ್ನ ಉಮ್ಮ ಕಾಫಿಯಲ್ಲಿ ಮನೆ ಬರೆದು ಎಸ್ಟೇಟಿನ ಲೆಕ್ಕ ಬರೆಯೋ ರೈಟರ ಹತ್ರ ಬೈಸಿಕೊಳ್ತಿದ್ಲು. ಕುಂಟೋದೂ ಎಡಗಾಲಲ್ಲೇ."

ಆಸೆ ಹುಟ್ಟಿಸಿ ನೋಯಿಸುತ್ತೇನೇನೋ ಎಂದು ಅಳುಕುತ್ತಲೇ ಫೋನು ಕೊಟ್ಟೆ. ಅವರು ಕನ್ನಡಕ ಒರೆಸಿಕೊಂಡು ನೋಡಿದರು. ಸಣ್ಣ ಜಡೆಯ ಒಬ್ಬ ಹುಡುಗಿ ಗುಂಪಿನಿಂದ ಮುಂದೆ ಬಂದು ಬಿಲ್ಲೆ ಎಸೆದಳು, ಕಾಲೆತ್ತಿದಳು.

"ಯಾ ಅಲ್ಲಾ! ಎಡಗಾಲು! ನೋಡು ಮಾರಾಯ್ತಿ, ಎಡಗಾಲಲ್ಲೇ ಕುಂಟ್ತಾಳೆ!"

ಊರಲ್ಲಿ ಎಡಗಾಲಲ್ಲಿ ಕುಂಟುವವಳು ಇವಳೊಬ್ಬಳೇ ಇದ್ದಳೇ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂತು. ಬುದ್ಧಿವಂತಿಕೆಗೆ ಹೊತ್ತುಗೊತ್ತು ಇರುವುದಿಲ್ಲ. ಅದನ್ನು ನುಂಗಿಕೊಂಡೆ. ಹುಡುಗಿ ನಮ್ಮತ್ತ ತಿರುಗಿ ನಕ್ಕಳು. ಮುಂದಿನ ಒಂದು ಹಲ್ಲು ಬಿದ್ದಿತ್ತು. ಜುಲೇಖಮ್ಮ ಫೋನನ್ನು ಕಣ್ಣಿನ ಹತ್ತಿರ ತಂದು ಆ ಮುಖವನ್ನು ನೋಡಿದರು. ನಾನು ಆ ಇಬ್ಬರನ್ನೂ ನೋಡುತ್ತ ಕುಳಿತೆ. ಇಂಥದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಕೊನೆಯ ಮನೆಯಲ್ಲಿ ಹುಡುಗಿ ಮುಗ್ಗರಿಸಿದಳು. ಜುಲೇಖಮ್ಮ ಹಿಡಿಯುವವರಂತೆ ಥಟ್ಟನೆ ಕೈ ಚಾಚಿದರು.

"ಮೆಲ್ಲ ಮಗಾ, ಬೀಳ್ತೀಯ!"

ಏಳೆಂಟು ವರ್ಷದ ಆ ತಾಯಿ ಮಗಳ ಮಾತಿಗೆ ಕಿವಿಗೊಡಲಿಲ್ಲ. ಆಟದ ನಡುವೆ ಕರೆದರೆ ಯಾವ ಮಗು ತಾನೇ ಓಗೊಟ್ಟಿದೆ? ನಗುತ್ತ, ಕುಂಟುತ್ತ ಹೋದಳು.