ಅಮ್ಮ ಚುಕ್ಕಾಣಿ ಹಿಡಿದ ವರ್ಷ

ಐವಿಗೆ ಈಜು ಬರುವುದಿಲ್ಲ. ಏಪ್ರಿಲ್‌ನಿಂದ ಈ ಒಂದು ಮಾತು ನನ್ನ ತಲೆ ಕೊರೆಯುತ್ತಿತ್ತು. ಬರ್ಮಿಂಗ್‌ಹ್ಯಾಮಿನ ಮೂರನೇ ಮಹಡಿಯ ನಮ್ಮ ಫ್ಲ್ಯಾಟಿನಲ್ಲಿ ಮಗಳಿಗೆ ಸಾಕ್ಸ್ ಹಾಕುವಾಗಲೂ ನನಗೆ ಕಾಣುತ್ತಿದ್ದುದು ಕಾಲುವೆಯ ಕಂದು ನೀರು. ಮೇ ಕೊನೆಯ ಶಾಲಾ ರಜೆಗೆ ಐದು ವರ್ಷದ ಮೊಮ್ಮಗಳನ್ನು ಒಂದು ವಾರ ದೋಣಿಗೆ ಕಳಿಸು ಎಂದು ಅಮ್ಮ ಕೇಳಿದ್ದಳು. ಹಿಂದಿನ ಎರಡು ವರ್ಷ ಏನೇನೋ ನೆಪ ಹೇಳಿ ತಪ್ಪಿಸಿದ್ದೆ. ಈ ಸಲ ನೆಪ ಹುಡುಕಬೇಕಿರಲಿಲ್ಲ. ದೋಣಿ ನಡೆಸುತ್ತಿದ್ದ ಅಪ್ಪನ ಎಡಗೈ ನವೆಂಬರಿನಲ್ಲಿ ಪಾರ್ಶ್ವವಾಯು ಬಡಿದು ಸ್ವಾಧೀನ ತಪ್ಪಿತ್ತು.

ಅಪ್ಪ ಕ್ಲಿಫ್ ಮೂವತ್ತು ವರ್ಷ ಬಸ್ ಓಡಿಸಿದವನು. ಅಮ್ಮ ಪಾಲಿನ್ ಶಾಲೆಯೊಂದರ ಅಡುಗೆಮನೆಯಲ್ಲಿ ದಿನಾ ನಾನೂರು ಮಕ್ಕಳಿಗೆ ಊಟ ಬಡಿಸಿದವಳು. ನಿವೃತ್ತರಾದ ವರ್ಷವೇ ಮನೆ ಮಾರಿ, ಏಳಡಿ ಅಗಲದ, ಅರವತ್ತಡಿ ಉದ್ದದ 'ವಿನಿಫ್ರೆಡ್' ದೋಣಿ ಕೊಂಡು ಅದರಲ್ಲೇ ಸಂಸಾರ ಹೂಡಿದರು. ಹನ್ನೊಂದು ವರ್ಷ ಅಪ್ಪ ಚುಕ್ಕಾಣಿ ಹಿಡಿದ, ಅಮ್ಮ ದಡದಲ್ಲಿ ನಡೆದು ದೋಣಿಯನ್ನು ನೀರಿನ ಜೊತೆಗೇ ಏರಿಸಿ ಇಳಿಸುವ ಲಾಕುಗಳೆಂಬ ತೊಟ್ಟಿಗಳ ಬಾಗಿಲುಗಳನ್ನು ಬೆನ್ನುಕೊಟ್ಟು ನೂಕಿದಳು. ಕಾಲುವೆಯಲ್ಲಿ ಹೆಚ್ಚಿನ ಜೋಡಿಗಳು ಹೀಗೆಯೇ. ಯಾಕೆಂದು ಯಾರೂ ಕೇಳುವುದಿಲ್ಲ.

ಆಸ್ಪತ್ರೆಯಿಂದ ಬಂದ ಅಪ್ಪ, "ಮಾರಿಬಿಡೋಣ ಪಾಲ್," ಎಂದ.

"ಮಾರೋದಾದ್ರೆ ನಿನ್ನ ಆ ಕೊಳಕು ಟೋಪಿ ಮಾರು. ದೋಣಿ ನಾನು ನಡೆಸ್ತೀನಿ."

ಅರವತ್ತೊಂಬತ್ತರ ಅಮ್ಮ ಫೆಬ್ರವರಿಯ ಚಳಿಯಲ್ಲಿ ಚುಕ್ಕಾಣಿ ಕಲಿತಳು. ಮೊದಲ ದಿನ ಮೂರು ಸೇತುವೆಗೆ ಗುದ್ದಿದೆ ಎಂದು ಫೋನಿನಲ್ಲಿ ತಾನೇ ಹೇಳಿದಳು. "ಸೇತುವೆ ಮೂರೇ, ಗುದ್ದಿದ್ದು ನಾಲ್ಕು ಸಲ," ಎಂದು ಹಿಂದಿನಿಂದ ಅಪ್ಪನ ದನಿ ಕೇಳಿತು. ದಿನಾ ಸಂಜೆ ಅವಳಿಂದ ನನಗೆ ಬರೀ ಒಂದು ಸಂಖ್ಯೆ ಬರುತ್ತಿತ್ತು, ಆ ದಿನ ದೋಣಿ ನಿಲ್ಲಿಸಿದ ಸೇತುವೆಯ ನಂಬರು. ಅಲ್ಲಿಂದ ಆಸ್ಪತ್ರೆ ಎಷ್ಟು ದೂರವೆಂದು ನಾನು ನಕ್ಷೆಯಲ್ಲಿ ನೋಡುತ್ತಿದ್ದೆ.

ರಜೆಗೆ ಹದಿನೈದು ದಿನ ಇರುವಾಗ, ಕಣ್ಣಾರೆ ನೋಡಿಯೇ ಬೇಡವೆನ್ನೋಣ ಎಂದು ಐವಿಯನ್ನು ಕರೆದುಕೊಂಡು, ಅವರ ದೋಣಿ ಬಂದಿದ್ದ ಹ್ಯಾಟನ್‌ಗೆ ಹೋದೆ. ಅಲ್ಲಿ ಇಪ್ಪತ್ತೊಂದು ಲಾಕುಗಳು ಒಂದರ ಕೆಳಗೊಂದು ಮೆಟ್ಟಿಲಿನಂತೆ ಇಳಿಯುತ್ತವೆ. 'ವಿನಿಫ್ರೆಡ್' ಮೊದಲನೆಯದರೊಳಗೆ ನಿಂತಿತ್ತು. ಅಪ್ಪ ನೀರು ಬಿಡುವ ಕಿಂಡಿಯ ಬಳಿ ಬಲಗೈ ಸಿದ್ಧಮಾಡಿಕೊಂಡಿದ್ದ.

"ಏನೇ ಜೆಮ್ಮಾ, ಮದುವೆಗೆ ಬಂದವಳ ಹಾಗೆ ನಿಂತಿದೀಯ? ಹಗ್ಗ ಹಿಡಿ," ಎಂದು ಅಮ್ಮ ದೋಣಿಯಿಂದ ಎಸೆದಳು.

ನಾನು ಅದನ್ನು ದಡದ ಕಬ್ಬಿಣದ ಗೂಟಕ್ಕೆ ಸುತ್ತಿ ಎರಡು ಗಂಟು ಬಿಗಿದೆ. ಇರಲಿ ಎಂದು ಇನ್ನೊಂದನ್ನೂ ಹಾಕಿದೆ.

ಅಪ್ಪ ಕಿಂಡಿ ತೆರೆದ. ನೀರು ಇಳಿಯತೊಡಗಿತು. ದೋಣಿಯೂ ಇಳಿಯಬೇಕಿತ್ತು, ಹಗ್ಗ ಬಿಡಲಿಲ್ಲ.

"ಅಮ್ಮಾ, ಕಟ್ಟಬಾರ್ದು!" ಪಕ್ಕದಲ್ಲಿದ್ದ ಐವಿ ಕಿರುಚಿದಳು. "ಹಿಡ್ಕೊಂಡು ಸ್ವಲ್ಪ ಸ್ವಲ್ಪ ಬಿಡ್ಬೇಕು!"

ಹಗ್ಗ ತಂತಿಯಂತೆ ಬಿಗಿದುಕೊಂಡಿತು. ದೋಣಿ ಒಂದು ಪಕ್ಕಕ್ಕೆ ನೇತುಬಿತ್ತು. ಒಳಗೆ ಪಿಂಗಾಣಿ ಒಡೆಯುವ ಸದ್ದು. ನಾನು ಗಂಟಿಗೆ ಕೈ ಹಾಕಿದೆ.

"ಕೈ ತೆಗಿ, ಬೆರಳು ಹೋಗುತ್ತೆ! ಕ್ಲಿಫ್, ಕಿಂಡಿ ಮುಚ್ಚು! ಮೇಲಿನದು ತೆಗಿ!"

ಅಪ್ಪ ಕಿಂಡಿ ಮುಚ್ಚಿ, ಕಾಲೆಳೆದುಕೊಂಡು ಮೇಲಿನ ಬಾಗಿಲಿಗೆ ಓಡಿದ. ವಾಲಿದ ದೋಣಿಯಲ್ಲಿ ಅಮ್ಮ ಕಾಲೂರಿ ನಿಂತು ಅವನನ್ನೇ ನೋಡುತ್ತಿದ್ದಳು. ಮೇಲಿನಿಂದ ನೀರು ತುಂಬಿತು, ದೋಣಿ ನೆಟ್ಟಗಾಯಿತು, ಹಗ್ಗ ಸಡಿಲಾಯಿತು. ಆಮೇಲೆ ಗಂಟು ಬಿಚ್ಚಿದೆ.

"ನಿಂಗ್ಯಾರು ಹೇಳಿಕೊಟ್ರು?" ಎಂದು ಐವಿಯನ್ನು ಕೇಳಿದೆ.

"ಅಜ್ಜಿ. ಕ್ರಿಸ್‌ಮಸ್‌ನಲ್ಲಿ ಬಟ್ಟೆ ಬುಟ್ಟಿ ಇಳಿಸೋ ಆಟ ಆಡಿದ್ವಲ್ಲ, ಸೋಫಾದಿಂದ."

ಆ ಆಟದಲ್ಲಿ ಹಗ್ಗವಾಗಿದ್ದ ನನ್ನ ಗೌನಿನ ಸೊಂಟಪಟ್ಟಿ ಹಾಳಾಯಿತೆಂದು ಅವತ್ತು ನಾನು ಗೊಣಗಿದ್ದೆ.

"ನನ್ನ ಎರಡು ಕಪ್ ಹೋದ್ವು," ಎಂದಳು ಅಮ್ಮ. "ಇಪ್ಪತ್ತೊಂದು ಲಾಕೂ ಹಾಗೇ ಬಾಕಿ ಇವೆ. ಹಗ್ಗ ಹಿಡೀತೀಯೋ, ಕಾರಲ್ಲಿ ಕೂತು ಅಳ್ತೀಯೋ?"

ಹಿಡಿದೆ. ನನ್ನ ಹಿಂದೆ ಹಗ್ಗದ ತುದಿಯನ್ನು ಐವಿ ಹಿಡಿದಳು. ಕಡೆಯ ಲಾಕು ದಾಟುವಾಗ ಸಂಜೆಯಾಗಿತ್ತು.

"ಅವಳಿಗೆ ಈಜು ಬರಲ್ಲಮ್ಮ," ಎಂದೆ, ಹೊರಡುವಾಗ.

"ನಂಗೂ ಬರಲ್ಲ. ಅದಕ್ಕೇ ಹುಷಾರಾಗಿರೋದು. ತೇಲೋ ಜಾಕೆಟ್ ಇಲ್ದೆ ಅವಳು ಬಾಗಿಲಿಂದ ಮೂಗೂ ಹೊರಗೆ ಹಾಕಲ್ಲ. ಮಾತು ಕೇಳದಿದ್ರೆ ಅವತ್ತೇ ವಾಪಸ್ ತಂದುಬಿಡ್ತೀನಿ. ಯೋಚನೆ ಮಾಡು, ಆದ್ರೆ ವರ್ಷಗಟ್ಟಲೆ ಮಾಡ್ಬೇಡ."

ಹನ್ನೆರಡು ದಿನ ಯೋಚನೆ ಮಾಡಿದೆ. ಈಜು ತರಗತಿಗೆ ಹೆಸರು ಬರೆಸಲು ಹೋದರೆ ಸೆಪ್ಟೆಂಬರಿಗೆ ಬನ್ನಿ ಎಂದರು. ಭಯವಂತೂ ಹಾಗೆಯೇ ಇತ್ತು. ಶುಕ್ರವಾರ ಮಧ್ಯಾಹ್ನ ಐವಿಯ ಚೀಲಕ್ಕೆ ನಾಲ್ಕು ಜೊತೆ ಒಣ ಸಾಕ್ಸ್ ತುರುಕಿ ಅಮ್ಮನಿಗೆ ಫೋನ್ ಮಾಡಿದೆ. ಎಂಜಿನಿನ ಗುಡುಗುಡು ಸದ್ದಿನ ನಡುವೆ ಅವಳು "ಬೇಗ ಹೇಳು, ಮುಂದೆ ತಿರುವಿದೆ," ಎಂದಳು.

"ಸೋಮವಾರ ಅವಳನ್ನ ಯಾವ ಸೇತುವೆಗೆ ಕರ್ಕೊಂಡು ಬರ್ಲಿ?"