ಕುಣಿಗಲ್ಲಿನ ಹುಡುಗಿ ಕೊಟ್ಟ ವೈರು

ಸಿಂಚನಾ, ಹರ್ಷಾ, ಮೊನ್ನೆ ಮಹಡಿಯ ಮೇಲೆ ಬಟ್ಟೆ ಒಣಗಿಹಾಕುವ ವೈರು ತುಂಡಾಯಿತಲ್ಲ, ಅದು ಬಿದ್ದ ಸದ್ದಿಗಿಂತ ನೀವಿಬ್ಬರು ನಕ್ಕ ಸದ್ದೇ ಜೋರಾಗಿತ್ತು. ನನ್ನ ಒದ್ದೆ ಸೀರೆ ಪಕ್ಕದ ಮನೆಯವರ ಸ್ಕೂಟರಿಗೆ ಹೊದಿಸಿದ ಹಾಗೆ ಬಿದ್ದಿತ್ತು. ಹರ್ಷ ತುಂಡಾದ ತುದಿ ಹಿಡಿದು, "ಅಜ್ಜಿ, ಇದು ಹಗ್ಗ ಅಲ್ಲ, ನೆಟ್‌ವರ್ಕ್ ಕೇಬಲ್ಲು! ನಿಂಗೆಲ್ಲಿ ಸಿಕ್ತು?" ಅಂದ. ಬೂದು ಬಣ್ಣದ ಸಿಪ್ಪೆಯೊಳಗೆ ಎಂಟು ಎಳೆ, ಒಂದೊಂದಕ್ಕೂ ಒಂದೊಂದು ಬಣ್ಣ... "ಯಾರೋ ಕೊಟ್ಟಿದ್ರು" ಅಂದೆ, ಅಷ್ಟೇ. ಬಾಯಿಬಿಟ್ಟು ಹೇಳುವುದು ನನಗೆ ಬರುವುದಿಲ್ಲ, ನಿಮಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡ ಮೇಲೆ ಗುಬ್ಬಿ ಕಡೆಯ ನಮ್ಮ ಹಳ್ಳಿ ಬಿಟ್ಟು ತುಮಕೂರಿಗೆ ಬಂದೆ. ಶೆಟ್ಟಿಹಳ್ಳಿಯಲ್ಲಿ ಒಂದು ಕೋಣೆಯ ಮನೆ. ನಿಮ್ಮ ಅಮ್ಮ ಆಗ ಹೈಸ್ಕೂಲು. ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಗುಡಿಸಿ ಒರೆಸುವ ಕೆಲಸ ಸಿಕ್ಕಿತು. ಆಗ ಎಲ್ಲ ಕಡೆಗೂ ಕಂಪ್ಯೂಟರು ಬರುತ್ತಿದ್ದ ಕಾಲ. ಒಳಗಿನ ಚಿಕ್ಕ ಕೋಣೆಯಲ್ಲಿ ಸರ್ವರು ಎನ್ನುವ ದೊಡ್ಡ ಕಂಪ್ಯೂಟರು ಇತ್ತು. ಅದರಿಂದ ಒಂದು ವೈರು ಗೋಡೆಯ ಮೇಲಿನ ಡಬ್ಬಕ್ಕೆ, ಡಬ್ಬದಿಂದ ಎಲ್ಲರ ಟೇಬಲ್ಲಿಗೆ. ಆ ಡಬ್ಬದ ಮೈತುಂಬ ಸಣ್ಣ ಸಣ್ಣ ದೀಪಗಳು, ಕೆಲವು ಹಸಿರು, ಕೆಲವು ಹಳದಿ. ದಿನಾ ಧೂಳು ಒರೆಸುವಾಗ ನೋಡುತ್ತಿದ್ದೆ. ನಮ್ಮ ಊರಿನ ದೀಪಾವಳಿಗಿಂತ ಅದೇ ಚೆನ್ನಾಗಿತ್ತು ಅಂದರೆ ನಗಬೇಡಿ.

ಒಂದು ಸಂಜೆ ಗುಡುಗು ಸಿಡಿಲಿಗೆ ಸರ್ವರಿನೊಳಗಿನ ನೆಟ್‌ವರ್ಕ್ ಕಾರ್ಡು ಸುಟ್ಟುಹೋಯಿತು. ಕಂಪ್ಯೂಟರ್ ಕಂಪನಿಯಿಂದ ಒಬ್ಬಳು ಇಂಜಿನಿಯರ್ ಬಂದಳು. ಕುಣಿಗಲ್ಲಿನ ಹುಡುಗಿ. ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಮೊಣಕಾಲುದ್ದ ಜಡೆ, ಆ ಜಡೆಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಮೇಜಿನ ಕೆಳಗೆ ನುಗ್ಗುತ್ತಿದ್ದಳು. ಹೊಸ ಕಾರ್ಡು ಹಾಕಿ ಹೋದಳು.

ಆವತ್ತಿನಿಂದ ಎಲ್ಲವೂ ನಿಧಾನವಾಯಿತು. ಪೂರ್ತಿ ನಿಂತಿದ್ದರೆ ಬೇರೆ ಮಾತು. ನಿಲ್ಲಲೂ ಇಲ್ಲ, ಓಡಲೂ ಇಲ್ಲ. ಒಂದು ರಿಪೋರ್ಟ್ ಅಚ್ಚಾಗುವುದರೊಳಗೆ ಗುಬ್ಬಿ ಬಸ್ಸು ಹೋಗಿ ಇನ್ನೊಂದು ಬಂದಿರುತ್ತಿತ್ತು. ಊರ್ಡಿಗೆರೆಯ ಅಜ್ಜ ಒಬ್ಬರು ದಿನಾ ಎಂಬಂತೆ ಬರುತ್ತಿದ್ದರು. "ಏನವ್ವ, ರಕ್ತ ತಗಳಕ್ಕೆ ಒಂದು ಗಳಿಗೆ, ಕಾಗ್ದ ಕೊಡಕ್ಕೆ ಒಂದಿನ! ನೀವು ಕೊಡೋ ಹೊತ್ಗೆ ನನ್ ಶುಗರ್ರು ತಾನೇ ಇಳ್ದಿರ್ತದೆ ಬುಡು" ಎಂದು ಬೆಂಚಿನವರನ್ನೆಲ್ಲ ನಗಿಸುತ್ತಿದ್ದರು. ಮ್ಯಾನೇಜರಿಗೆ ಮಾತ್ರ ನಗು ಬರುತ್ತಿರಲಿಲ್ಲ. ಎಂಟನೆಯ ದಿನ ನನ್ನನ್ನು ಕರೆದು, "ನೀನು ಪೊರಕೆ ತಾಗ್ಸಿ ವೈರು ಹಾಳ್ ಮಾಡಿದೀಯ. ಇಲ್ಲಾಂದ್ರೆ ಒದ್ದೆ ಬಟ್ಟೆ. ಇವತ್ತು ಇಂಜಿನಿಯರು ಬರ್ತಾರೆ. ವೈರು ಹೋಗಿದ್ರೆ ನಾಳೆಯಿಂದ ನೀನು ಬರೋದು ಬೇಡ" ಅಂದರು.

ಪೊರಕೆ ಎಲ್ಲಾದರೂ ತಾಗಿತ್ತೋ ಏನೋ ಎಂದು ನನಗೇ ಅನುಮಾನ ಬಂತು. ಈ ಕೆಲಸ ಹೋದರೆ ನಿಮ್ಮ ಅಮ್ಮನ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಕುಣಿಗಲ್ಲಿನ ಹುಡುಗಿ ಬಂದವಳೇ ಹಳೆ ವೈರು ಕಿತ್ತು ಹೊಸದು ಹಾಕಿದಳು. ಅಷ್ಟೇ ನಿಧಾನ. ಡಬ್ಬದಲ್ಲಿ ಬೇರೆ ತೂತಿಗೆ ಸಿಕ್ಕಿಸಿದಳು. ಅಷ್ಟೇ. ಇನ್ನೊಂದು ಹೊಸ ಕಾರ್ಡು ಹಾಕಿ, ಮೊದಲಿನ ಹಾಗೇ ಸೆಟ್ಟಿಂಗ್ ಮಾಡಿ ನೋಡಿದಳು. ಅದೂ ಅಷ್ಟೇ. ಬೆವರು ಒರೆಸಿಕೊಂಡು, "ವೈರು ಚೆನ್ನಾಗೇ ಇದೆ ಅಕ್ಕ, ಹೆದರ್ಕೋಬೇಡಿ" ಅಂದಳು. ಆದರೆ ಮತ್ತೇನು ಕೆಟ್ಟಿದೆ ಎಂದು ತೋರಿಸುವವರೆಗೆ ಮ್ಯಾನೇಜರ್ ಅದನ್ನು ನಂಬುವವರಲ್ಲ.

ಮಧ್ಯಾಹ್ನ ಆ ಕೋಣೆಯ ನೆಲದ ಮೇಲೇ ಇಬ್ಬರೂ ಊಟಕ್ಕೆ ಕೂತೆವು. ಅವಳದು ಚಿತ್ರಾನ್ನ, ನನ್ನದು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಕೇಳದೆಯೇ ನನ್ನ ಡಬ್ಬಿಗೆ ಕೈಹಾಕಿ ರೊಟ್ಟಿ ಮುರಿದುಕೊಂಡಳು.

"ಅಕ್ಕ, ಈ ರೂಮು ದಿನಾ ನೋಡೋರು ನೀವೊಬ್ರೇ. ನಾನು ಕಾರ್ಡ್ ಹಾಕಿ ಹೋದ್ಮೇಲೆ ಏನಾದ್ರೂ ಬೇರೆ ಥರ ಕಂಡಿದ್ಯಾ? ತಪ್ಪಾದ್ರೂ ಪರ್ವಾಗಿಲ್ಲ, ಹೇಳಿ."

ಕಂಡಿತ್ತು. ಹೇಳಿದರೆ ಅದೂ ನನ್ನ ತಲೆಗೇ ಬಂದರೆ... ಚಟ್ನಿ ನೋಡಿಕೊಂಡೇ ಹೇಳಿದೆ. "ಸರ್ವರ್ ವೈರಿನ ದೀಪ ಮೊದ್ಲು ಹಸಿರು ಇತ್ತು. ನೀವು ಹೋದಾಗಿಂದ ಹಳದಿ ಆಗೈತೆ. ಈಗ ತೂತು ಬದಲಾಯಿಸಿದ್ರಲ್ಲ, ಅಲ್ಲೂ ಹಳದೀನೇ."

ಅವಳ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. "ಎಂಟು ದಿನದಿಂದ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ ಕಣಮ್ಮ."

ಅವಳು ನಕ್ಕುಬಿಟ್ಟಳು. ಆಮೇಲೆ ವಿವರಿಸಿದಳು. ಕಾರ್ಡೂ ಡಬ್ಬವೂ ಮೊದಲು ತಾವೇ ಮಾತಾಡಿಕೊಂಡು, ಮಾಹಿತಿಯನ್ನು ಒಂದೇ ಸಲ ಎರಡೂ ಕಡೆಯಿಂದ ಕಳಿಸುವುದೋ ಒಬ್ಬರಾದ ಮೇಲೆ ಒಬ್ಬರೋ ಎಂದು ಒಪ್ಪಂದ ಮಾಡಿಕೊಳ್ಳುತ್ತವಂತೆ. ಬೇಗ ಹೋಗಲಿ ಎಂದು ಇವಳು ಕಾರ್ಡಿಗೆ ಕೈಯಾರೆ "ಎರಡೂ ಕಡೆ" ಎಂದು ಹೇಳಿಬಿಟ್ಟಿದ್ದಳು. ಅದು ತಿಳಿಯದ ಡಬ್ಬ, ಒಬ್ಬರಾದ ಮೇಲೆ ಒಬ್ಬರು ಎಂದುಕೊಂಡು ಕೂತಿತ್ತು. ಹಳದಿ ದೀಪ ಅದರದ್ದೇ ಗುರುತು.

"ನಮ್ಮೂರ ಕೆರೆ ಏರಿ ಥರ" ಎಂದೆ. ನನ್ನ ಬಾಯಿಂದ ಹೇಗೆ ಬಂತೋ ಕಾಣೆ. "ಬಸ್ಸಿನೋನು ದಾರಿ ಅಗಲ ಐತೆ ಅಂತ ನುಗ್ತಾನೆ. ಗಾಡಿಯೋನು ಒಬ್ಬನೇ ಹೋಗೋ ದಾರಿ ಅಂತ ಬರ್ತಾನೆ. ಮಧ್ಯದಲ್ಲಿ ಎದುರಾದ್ರೆ ಹಿಂದಕ್ಕೋಗಿ ಮತ್ತೆ ಬರ್ಬೇಕು."

"ಹೂಂ ಅಕ್ಕ. ಆ ಬಸ್ಸಿನೋನು ನಾನೇ!"

ಕಾರ್ಡಿನ ಸೆಟ್ಟಿಂಗ್ ಬದಲಿಸಿದಳು. ದೀಪ ಹಸಿರಾಯಿತು. ಹೊರಗೆ ಪ್ರಿಂಟರು ಒಂದೇ ಸಮನೆ ಕಿರುಗುಟ್ಟತೊಡಗಿತು. ಅವಳ ನಗು ಮಾತ್ರ ನಿಂತಿತು. "ಕೆಲ್ಸಕ್ಕೆ ಸೇರಿ ಮೂರು ತಿಂಗ್ಳು ಆಯ್ತು ಅಕ್ಕ. ಇನ್ನೂ ಖಾಯಂ ಆಗಿಲ್ಲ" ಅಂದಳು. ಅವಳು ಸುಮ್ಮನೆ ಚೀಲ ಹೆಗಲಿಗೇರಿಸಿ ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಪ್ಪು ಪೊರಕೆಯದ್ದೇ ಆಗಿ ಉಳಿಯುತ್ತಿತ್ತು. ಬೇಡಿಕೊಳ್ಳಲೂ ನನಗೆ ನಾಚಿಕೆ.

ಅವಳು ಎದ್ದು ನೇರವಾಗಿ ಹೊರಗೆ ಹೋದಳು. ಕಾಯುತ್ತಿದ್ದವರೆಲ್ಲರ ಮುಂದೆ ಮ್ಯಾನೇಜರಿಗೆ, "ಸಾರ್, ತಪ್ಪು ನಂದು. ಪೊರಕೇದಲ್ಲ" ಅಂದಳು.

"ಏನ್ರೀ ಮೇಡಂ, ಎಂಟು ದಿನ ನಾನು ಬೈಸ್ಕೊಂಡಿದ್ದು ನಿಮ್ಮಿಂದಾನಾ?"

"ಹೌದು ಸಾರ್. ಕಂಡುಹಿಡ್ದಿದ್ದು ಈ ಅಕ್ಕ."

ಎಲ್ಲರೂ ನನ್ನನ್ನು ನೋಡಿದರು. ನಾನು ಬಾಗಿಲ ಹಿಂದಕ್ಕೆ ಸರಿದೆ. ಊರ್ಡಿಗೆರೆ ಅಜ್ಜ, "ಮೊದ್ಲೇ ಈವಮ್ಮನ್ನ ಆ ಡಬ್ಬದ ಮುಂದೆ ಕೂರ್ಸಿದ್ರೆ ನಾನು ಇಷ್ಟೊತ್ಗೆ ಮನೇಲಿ ಮುದ್ದೆ ಉಣ್ತಿದ್ದೆ" ಅಂದರು. ಮ್ಯಾನೇಜರು ತಪ್ಪಾಯಿತು ಅನ್ನಲಿಲ್ಲ. ಸಂಜೆ ಮಾತ್ರ, "ನಾಳೆ ಸ್ವಲ್ಪ ಬೇಗ ಬಾರಮ್ಮ" ಅಂದರು. ನನಗೆ ಅಷ್ಟೇ ಸಾಕಾಗಿತ್ತು.

ಹೊರಡುವಾಗ ಅವಳು ಆ ಹಳೆ ವೈರನ್ನು ಸುತ್ತಿ ನನ್ನ ಕೈಗಿಟ್ಟಳು. "ಇದು ನಿರಪರಾಧಿ ಅಕ್ಕ, ಮನೆಗೆ ಕರ್ಕೊಂಡೋಗಿ. ಬಟ್ಟೆ ಒಣಗಿಹಾಕಕ್ಕೆ ಚೆನ್ನಾಗಿರುತ್ತೆ."

ಆಮೇಲೆ ಎರಡು ಸಲ ಬಂದಿದ್ದಳು. ಎರಡು ಸಲವೂ ರೊಟ್ಟಿ ಕೇಳಿ ತಿಂದಳು. ಮೂರನೆಯ ಸಲ ಬೇರೆ ಯಾರೋ ಬಂದರು. "ಆ ಮೇಡಂ ಈಗ ಇಲ್ಲ, ಬಿಟ್ಟುಹೋದ್ರು" ಅಂದರು. ತಾನೇ ಬಿಟ್ಟಳೋ, ಬಿಡಿಸಿದರೋ... ಅಂದು ಹೇಳಿದ ಆ ಮಾತಿನಿಂದಲೋ... ಕೇಳಬೇಕಿತ್ತು, ಕೇಳಲಿಲ್ಲ. ನಿಮ್ಮ ಅಮ್ಮನ ಓದು ಮುಗಿಯಿತು, ಕೆಲಸ ಸಿಕ್ಕಿತು, ನೀವು ಹುಟ್ಟಿದಿರಿ. ಕುಣಿಗಲ್ಲಿಗೆ ಮದುವೆಗೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಉದ್ದ ಜಡೆ ಹುಡುಕುತ್ತೇನೆ. ಈಗ ಅವಳ ಜಡೆಯೂ ನರೆತಿರಬೇಕು. ಸಿಕ್ಕಿದರೆ ಹೇಳಬೇಕಾದ ಒಂದು ಮಾತು ಅಂದಿನಿಂದ ನನ್ನ ಬಾಯಲ್ಲೇ ಉಳಿದಿದೆ. ಅವಳು ಸಿಗಲಿಲ್ಲ.

ನಿನ್ನೆ ನಿಮ್ಮ ಅಮ್ಮ ಹೊಸ ನೈಲಾನ್ ಹಗ್ಗ ಕಟ್ಟಿದಳು. ಹಳೆ ವೈರಿನ ಒಂದು ತುಂಡನ್ನು ನಾನು ಕತ್ತರಿಸಿಟ್ಟುಕೊಂಡು, ಈ ಹಾಳೆಗಳನ್ನು ಅದರಲ್ಲೇ ಕಟ್ಟಿದ್ದೇನೆ. ಬಿಚ್ಚಿ ಓದಿ. ಓದಿದ ಮೇಲೆ ಹಾಗೆಯೇ ಕಟ್ಟಿ, ನಿಮ್ಮ ಪುಸ್ತಕಗಳ ಜೊತೆ ಇಟ್ಟುಕೊಳ್ಳಿ. ಹರ್ಷಾ, ಒಳಗಿನ ಬಣ್ಣದ ಎಳೆ ನೋಡಬೇಕೆಂದು ಸಿಪ್ಪೆ ಸುಲಿಯಬೇಡ, ಕಣೋ.