ಚೆಲುವನಿಗೆ ಊರು ತೋರಿಸಿದ್ದು

ವಿನೋಬನಗರದ ನನ್ನ ಬಾಡಿಗೆ ಮನೆಯ ಅಕ್ಕಪಕ್ಕ ಯಾರಾದರೂ ಹುರುಳಿ ಬೇಯಿಸಿದರೆ ನಾನು ಕಿಟಕಿ ಮುಚ್ಚಿಬಿಡುತ್ತೇನೆ. ಆ ವಾಸನೆಗೆ ಬಾಯಲ್ಲಿ ನೀರೂರುವವರು ಪುಣ್ಯವಂತರು. ನನಗೆ ನೆನಪಾಗುವುದು ಭದ್ರಾವತಿಯ ಹಳೇನಗರದ ನಮ್ಮ ಹಿತ್ತಲು, ಮೂರು ಕಲ್ಲಿನ ಒಲೆ, ಅದರ ಮೇಲೆ ಮಸಿ ಹಿಡಿದ ಹಂಡೆ, ಬೆಂದ ಹುರುಳಿಯನ್ನು ಅಂಗೈಯಲ್ಲಿ ಹಿಸುಕಿ ಬಿಸಿ ಆರಿತೇ ಎಂದು ನೋಡುತ್ತಿದ್ದ ರತ್ನತ್ತೆ. ಅವಳು ನನ್ನ ಅಪ್ಪನ ತಂಗಿ, ಗಂಡನ ಮನೆ ಬಿಟ್ಟು ಬಂದು ನಮ್ಮಲ್ಲೇ ಉಳಿದವಳು. ಹುರುಳಿ, ಲದ್ದಿ, ತೊಗಲಿನ ಪಟ್ಟಿಗಳಿಗೆ ಹಚ್ಚುವ ಎಣ್ಣೆ, ಇವೆಲ್ಲ ಸೇರಿದ ವಾಸನೆಯೇ ನನಗೆ ಮನೆ. ಕುದುರೆ ಲಾಯವಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಹೋದ ತಿಂಗಳು ಅತ್ತೆಯ ವೈಕುಂಠ ಸಮಾರಾಧನೆಯ ಊಟಕ್ಕೆ ಕೂತಾಗ ನನ್ನ ಚಿಕ್ಕಪ್ಪ ಎಲೆಯ ಮುಂದೆಯೇ ಶುರು ಮಾಡಿದ: "ನಮ್ಮನೇಲಿ ಒಂದು ಹುಚ್ಚು ಕುದುರೆ ಇತ್ತು ನೋಡಿ, ಮದುಮಗನ್ನೇ ಚರಂಡಿಗೆ ಎಸೀತು." ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಚೆಲುವನಿಗೆ ಹುಚ್ಚಿರಲಿಲ್ಲ. ಅದನ್ನು ಹೇಳಬೇಕಾಗಿದ್ದವಳು ಒಂದು ದಿನವೂ ಬಾಯಿ ಬಿಡದೆ ಹೋಗಿಬಿಟ್ಟಳು. ನಾನಾದರೂ ಹೇಳುತ್ತೇನೆ.

ಅಜ್ಜ ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾ ಕಟ್ಟುತ್ತಿದ್ದವನು. ಆಟೊಗಳು ಬಂದು ಗಾಡಿ ಮೂಲೆ ಸೇರಿತು, ಅಜ್ಜನೂ ಹೋದ. ಉಳಿದದ್ದು ಮುದಿ ಹೆಣ್ಣುಕುದುರೆ ಗೌರಿ ಮತ್ತು ಅವಳಿಗೆ ತಡವಾಗಿ ಹುಟ್ಟಿದ, ಹಣೆಯಲ್ಲಿ ಬಿಳಿ ಚುಕ್ಕೆಯಿದ್ದ ಮರಿ ಚೆಲುವ. ಮದುವೆ ಮೆರವಣಿಗೆಗಳಲ್ಲಿ ಗೌರಿಯ ಮೇಲೆ ಮದುಮಗನನ್ನು ಕೂರಿಸಿಕೊಂಡು ಹೋಗುವುದು ಚಿಕ್ಕಪ್ಪನ ಕಸುಬಾಯಿತು. ಒಂದು ವರ್ಷ ಗೌರಿಯ ಕಾಲು ಸೋತಿತು. ಚೆಲುವ ಬೆಳೆದು ನಿಂತಿದ್ದ, ಆದರೆ ತಾಯಿಯನ್ನು ಬಿಟ್ಟು ಗೇಟು ದಾಟುತ್ತಿರಲಿಲ್ಲ. ಅವಳು ಜೊತೆಗಿದ್ದರೆ ಬಸ್ಸಿನ ಪಕ್ಕದಲ್ಲೂ ನಡೆಯುತ್ತಿದ್ದ. ಅವಳು ಮರೆಯಾದಳೋ, ಕಣ್ಣಿನ ಬಿಳಿ ಕಾಣುತ್ತಿತ್ತು, ಮೈ ಚರ್ಮವೆಲ್ಲ ಅದುರುತ್ತಿತ್ತು. "ಮದ್ವೆ ಸೀಸನ್ ಶುರುವಾಗೋದ್ರೊಳಗೆ ಇವನು ಒಬ್ನೇ ಹೋಗೋದು ಕಲೀಬೇಕು ಅಕ್ಕ, ಇಲ್ಲಾಂದ್ರೆ ಮಾರೋಕೆ ಬ್ರೋಕರ್‌ಗೆ ಹೇಳ್ತೀನಿ" ಎಂದ ಚಿಕ್ಕಪ್ಪ. ಅಪ್ಪ ಶಿಫ್ಟ್ ಮುಗಿಸಿ ಬಂದು ಕಾಫಿ ಕುಡಿಯುತ್ತಿದ್ದ. ಆ ಮನೆಯಲ್ಲಿ ಅಪ್ಪ ಮಾತಾಡದೆ ಕೆಟ್ಟುಹೋದ ಕೆಲಸಗಳಿಗೆ ಲೆಕ್ಕವಿಲ್ಲ.

ಹೆದರಿದ ಕುದುರೆಗೆ ಚಿಕ್ಕಪ್ಪನಿಗೆ ಗೊತ್ತಿದ್ದ ಔಷಧಿ ಚಾವಟಿಯೊಂದೇ. ಅತ್ತೆ ಚೆಲುವನನ್ನು ಅವನ ಕೈಗೆ ಕೊಡಲಿಲ್ಲ. ನಾನಾಗ ಆರನೆಯ ಕ್ಲಾಸು, ಹಂಚಿಕಡ್ಡಿಯ ಹಾಗಿದ್ದೆ. ಬೆಳಗ್ಗೆ ಗೋಣಿಚೀಲ ಮಡಿಸಿ ಹಾಸಿ ನನ್ನನ್ನು ಚೆಲುವನ ಬೆನ್ನಿಗೆ ಹತ್ತಿಸಿ, ಅವಳು ಗೌರಿಯನ್ನು ಹಿಡಿದು ಮುಂದೆ ನಡೆಯುತ್ತಿದ್ದಳು. ಕೆಲವು ವಾರ ಕಳೆದ ಮೇಲೆ ಗೌರಿ ಮುಂದಿನಿಂದ ಪಕ್ಕಕ್ಕೆ ಬಂದಳು, ಆಮೇಲೆ ಹಿಂದಕ್ಕೆ. ಆಮೇಲೆ ಅವಳನ್ನು ಹೊಳೆದಂಡೆಯ ಹೊಂಗೆಮರಕ್ಕೆ ಕಟ್ಟಿ, ಅವಳು ಕಾಣದ ತಿರುವಿನವರೆಗೆ ಹೋಗಿ ವಾಪಸ್ಸು ಬರುವುದು. ದಾರಿಯುದ್ದಕ್ಕೂ ಅತ್ತೆ ಚೆಲುವನೊಡನೆ ಮಾತಾಡುತ್ತಿದ್ದಳು. ಅವನು ಎಲ್ಲಿ ಬೆದರಿ ನಿಂತರೂ ಎಳೆಯುತ್ತಿರಲಿಲ್ಲ. "ನೋಡ್ಕೋ ರಾಜ, ಪಂಚರ್ ಅಂಗಡಿ ಅದು. ಟೈರು ಕಣೋ, ಎದ್ದು ಬರಲ್ಲ." ಅವನು ಕತ್ತು ಚಾಚಿ, ಮೂಸಿ, ಮೂಗಿನಲ್ಲಿ ಬುಸ್ಸೆಂದು ಉಸಿರು ಬಿಟ್ಟು ಮುಂದೆ ಹೆಜ್ಜೆಯಿಡುತ್ತಿದ್ದ. ಇಸ್ತ್ರಿ ಗಾಡಿಯ ಹೊಗೆ, ಗಾಳಿಗೆ ಪಟಪಟ ಎನ್ನುವ ನೀಲಿ ಟಾರ್ಪಾಲು, ಕಾರ್ಖಾನೆಯ ಸೈರನ್ನು, ಒಂದೊಂದಕ್ಕೂ ಹೀಗೆ ಪರಿಚಯವಾಗಬೇಕಿತ್ತು. ಇನ್ನೂ ಸ್ವಲ್ಪ ದೂರ ಹೋಗೋಣ ಎಂದು ನಾನು ಹಟ ಮಾಡಿದರೆ ಅತ್ತೆ ಬೈಯುತ್ತಿದ್ದಳು. "ಬೇಡ ಮಾರಾಯ್ತಿ. ಅವನಿಗೆ ಸಾಕು ಅನ್ಸೋದ್ರೊಳಗೆ ನಾವೇ ತಿರುಗ್ಬೇಕು. ಹೆದರ್ಕೊಂಡು ವಾಪಸ್ ಬಂದ್ರೆ ಅವನು ಹೆದರೋದನ್ನೇ ಕಲಿತಾನೆ."

ಕಡೆಗೊಂದು ದಿನ ಅತ್ತೆ ಗೌರಿಯ ಜೊತೆ ಗೇಟಿನಲ್ಲೇ ನಿಂತಳು. ನಾನೂ ಚೆಲುವನೂ ಇಬ್ಬರೇ ಹೊರಟೆವು. ಟಾರ್ಪಾಲಿನ ಹತ್ತಿರ ಅವನು ನಿಂತ. ನನ್ನ ತೊಡೆಯ ಕೆಳಗೆ ಅವನ ಎದೆ ಬಡಿದುಕೊಳ್ಳುವುದು ಗೊತ್ತಾಗುತ್ತಿತ್ತು, ನನ್ನದೂ ಬಡಿದುಕೊಳ್ಳುತ್ತಿತ್ತು. ಅತ್ತೆಯ ಹಾಗೆಯೇ ಮಾತಾಡಿದೆ. ಕಿವಿಯೊಂದನ್ನು ನನ್ನ ಕಡೆ ತಿರುಗಿಸಿ ಕೇಳಿಸಿಕೊಂಡು ಹೊರಟ. ಸೇತುವೆಯ ಮೇಲೆ ತಲೆಯೆತ್ತಿ ನಡೆದ, ಕೆಳಗೆ ಭದ್ರೆ ತುಂಬಿಕೊಂಡಿತ್ತು, ಪಕ್ಕದಲ್ಲಿ ಲಾರಿಗಳು ಹೋದವು, ಅವನ ಒಂದು ಹೆಜ್ಜೆಯೂ ತಪ್ಪಲಿಲ್ಲ. ಅಷ್ಟು ಸುಖವನ್ನು ನಾನು ಆಮೇಲೆ ಯಾವ ಗಾಡಿಯ ಮೇಲೂ ಕಂಡಿಲ್ಲ. ವಾಪಸ್ಸು ಬಂದಾಗ ಅತ್ತೆ "ಬಂದ್ರಾ" ಎಂದಳು, ಅಷ್ಟೇ. ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದನ್ನು ನಾನು ನೋಡಿದೆ. ಚೆಲುವ ಮನೆಯಲ್ಲೇ ಉಳಿಯುತ್ತಾನೆ ಎಂದು ಇಬ್ಬರೂ ನಂಬಿದೆವು.

ಮೊದಲ ಮದುವೆಯ ದಿನ ಚಿಕ್ಕಪ್ಪ ಅಜ್ಜನ ಜಟಕಾ ಸಾಮಾನಿನಿಂದ ಕಣ್ಣುಪಟ್ಟಿ ಹುಡುಕಿ ತಂದ. ಗಾಡಿ ಕುದುರೆ ಪಕ್ಕಕ್ಕೆ ನೋಡದಿರಲೆಂದು ಕಟ್ಟುವ ತೊಗಲಿನ ಮರೆ ಅದು. ಜಟಕಾದವರ ಮನೆಯಲ್ಲಿ ಹುಟ್ಟಿದವರಿಗೆ ಅದರ ಮೇಲೆ ದೇವರ ಮೇಲಿದ್ದಷ್ಟೇ ನಂಬಿಕೆ. "ಅದು ಬೇಡ ಕಣೋ ಶೇಖರ" ಎಂದಳು ಅತ್ತೆ. "ಇವನು ನೋಡಿ ನೋಡಿ ಧೈರ್ಯ ತಂದ್ಕೊಂಡಿರೋನು. ನೋಡೋಕೆ ಬಿಡು." "ನಮ್ಮಪ್ಪ ಕಟ್ತಿರ್ಲಿಲ್ವಾ? ಪಟಾಕಿ ಹೊಡೀತಾರೆ ಅಕ್ಕ. ಕಾಣದಿದ್ರೆ ಹೆದ್ರಲ್ಲ." ಹಾಗಾದರೆ ತಾನೂ ಪಕ್ಕದಲ್ಲಿ ನಡೆದು ಬರುತ್ತೇನೆ ಎಂದಳು. ಅದಕ್ಕೆ ಅವನು, "ಗಂಡಸರ ಮೆರವಣಿಗೇಲಿ ನಿನಗೇನು ಕೆಲಸ? ಜನ ಆಡ್ಕೊಳ್ಳಲಿ ಅಂತಾನಾ?" ಎಂದ. ಇಡೀ ಊರನ್ನು ಆ ಕುದುರೆಗೆ ತೋರಿಸಿದ ಹೆಂಗಸು ಆ ಊರಿನ ಬೀದಿಯಲ್ಲಿ ನಡೆಯಬಾರದಂತೆ.

ಬ್ಯಾಂಡು ಬಾರಿಸುತ್ತಿದ್ದಾಗ ಯಾರೋ ಹಿಂದಿನಿಂದ ಪಟಾಕಿ ಸರಕ್ಕೆ ಬೆಂಕಿ ಹಚ್ಚಿದರಂತೆ. ಸದ್ದು ಎಲ್ಲಿಂದ ಬಂತೆಂದು ಕಣ್ಣುಪಟ್ಟಿ ಕಟ್ಟಿಸಿಕೊಂಡ ಚೆಲುವನಿಗೆ ಹೇಗೆ ಕಾಣಬೇಕು? ಮದುಮಗನನ್ನು ಚರಂಡಿಗೆ ಕೆಡವಿ ಓಡಿದ. ಸೇತುವೆ ದಾಟಿ, ಬಸ್ಸು ಆಟೊಗಳ ನಡುವೆ ನುಗ್ಗಿ, ನೆಟ್ಟಗೆ ಮನೆಗೇ ಬಂದು ಗೇಟಿನಲ್ಲಿ ನಿಂತ, ಮೈಯೆಲ್ಲ ಬೆವರು, ನೊರೆ. ಅತ್ತೆ ಪಟ್ಟಿ ಬಿಚ್ಚುವಷ್ಟರಲ್ಲಿ ಚಿಕ್ಕಪ್ಪ ಯಾರದೋ ಬೈಕಿನಲ್ಲಿ ಬಂದಿಳಿದು ಆ ಗೇಟಿನಲ್ಲೇ ಅವನಿಗೆ ಬಾರಿಸಿದ. ಕೈ ಸೋಲುವವರೆಗೆ ಹೊಡೆದ. ಅಡ್ಡ ಬಂದ ಅತ್ತೆಯ ತೋಳಿಗೂ ಬಿತ್ತು. ಮಾರನೆಯ ದಿನದಿಂದ ಚೆಲುವ ಗೇಟಿನ ಹತ್ತಿರ ಹೋಗಲಿಲ್ಲ. ಮೊದಲಿಂದ ಶುರು ಮಾಡ್ತೀನಿ, ಒಂದೆರಡು ತಿಂಗಳು ಕೊಡಿ ಎಂದು ಅತ್ತೆ ಅಪ್ಪ, ಚಿಕ್ಕಪ್ಪ ಇಬ್ಬರನ್ನೂ ಬೇಡಿಕೊಂಡಳು. ಆದರೆ ಅಷ್ಟರಲ್ಲಿ ಬ್ರೋಕರ್‌ಗೆ ಹೇಳಿ ಆಗಿತ್ತು.

ಲಾರಿ ಬಂದ ಬೆಳಗ್ಗೆ ಇಬ್ಬರು ಗಂಡಸರು ಹಗ್ಗ ಹಿಡಿದು ಎಳೆದರೂ ಚೆಲುವ ನಾಲ್ಕೂ ಕಾಲೂರಿ ನಿಂತುಬಿಟ್ಟ. ಚಾವಟಿಗೂ ಕದಲಲಿಲ್ಲ. ಕಡೆಗೆ ಚಿಕ್ಕಪ್ಪ ಹಿತ್ತಲಿಗೆ ಬಂದು, ನಾಚಿಕೆಯಿಲ್ಲದೆ, "ಅಕ್ಕ, ನೀನೇ ಸ್ವಲ್ಪ ಬಾ. ನಿನ್ನ ಮಾತು ಕೇಳ್ತಾನೆ" ಎಂದ. ಅವಳು ಸೌದೆ ಎಸೆದು ಬೈಯುತ್ತಾಳೆ ಎಂದುಕೊಂಡೆ. ಅವಳು ಕೈ ತೊಳೆದುಕೊಂಡು ಎದ್ದು ಹೋದಳು. ಅದಕ್ಕಾಗಿ ಅವಳ ಮೇಲೂ ನನಗೆ ವರ್ಷಗಟ್ಟಲೆ ಸಿಟ್ಟಿತ್ತು. ದೊಡ್ಡವಳಾದ ಮೇಲೆ ಒಮ್ಮೆ ಕೇಳಿಯೇಬಿಟ್ಟೆ. "ಹೋಗೋದಂತೂ ಹೋಗ್ತಾನೆ. ಹೊಡೆಸ್ಕೊಂಡು ಹೋಗೋದು ಬೇಡ ಅಂತ ಕಣೇ" ಎಂದಳು.

ಅವಳು ಹಗ್ಗವನ್ನು ಸಡಿಲ ಬಿಟ್ಟು ಅವನ ಭುಜದ ಪಕ್ಕ ನಿಂತು ಮಾತಿಗೆ ಶುರು ಮಾಡಿದಳು. ಗೇಟು ಕಣೋ ರಾಜ, ಇದು ಲಾರಿ, ಇದು ಹಲಗೆ, ಕಾಲಿಟ್ರೆ ಸದ್ದು ಮಾಡುತ್ತೆ ಅಷ್ಟೇ. ಚೆಲುವ ಹಲಗೆಯನ್ನು ಮೂಸಿದ. ಲಾಯದಿಂದ ಗೌರಿ ಕೂಗಿದಳು, ಅವನು ತಿರುಗಿ ನೋಡಲಿಲ್ಲ. ಅತ್ತೆಯ ದನಿಯನ್ನು ನಂಬಿ ಸೀದಾ ಹತ್ತಿಹೋದ. ಲಾರಿಯವನಿಗೆ ಆಶ್ಚರ್ಯ. "ಎಂಥಾ ಧೈರ್ಯದ ಪ್ರಾಣಿ ಅಮ್ಮ ಇದು. ಯಾಕೆ ಕೊಡ್ತಿದ್ದೀರ?" ಎಂದ.

"ಒಬ್ನೇ ಹೋಗೋದು ಈಗಷ್ಟೇ ಕಲಿತಿದಾನೆ ಅಣ್ಣ" ಎಂದಳು ಅತ್ತೆ. "ನಿಧಾನಕ್ಕೆ ಓಡ್ಸಿ."

ಯಾವ ಊರಿಗೆ ಒಯ್ದರೆಂದು ನಮಗೆ ಯಾರೂ ಹೇಳಲಿಲ್ಲ. ಅತ್ತೆ ಬದುಕಿರುವವರೆಗೂ, ಎಲ್ಲೇ ಕುದುರೆ ಕಂಡರೂ, ರಸ್ತೆ ದಾಟಿ ಹೋಗಿ ಅದರ ಹಣೆ ನೋಡಿ ಬರುತ್ತಿದ್ದಳು.